ಉಪಗ್ರಹ ಅಷ್ಟು ಎತ್ತರದಿಂದ ಮಿಲಿಮೀಟರ್ ಲೆಕ್ಕ ಹೇಗೆ ಕೊಡುತ್ತದೆ? ಎಷ್ಟು ನಂಬಬಹುದು?

ನೀಲಿಚುಕ್ಕೆ

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ತಲೆ ಕೊರೆಯುತ್ತಿರುವ ಪ್ರಶ್ನೆ ಇದು. ಸಮುದ್ರಮಟ್ಟ ವರ್ಷಕ್ಕೆ ನಾಲ್ಕು ಮಿಲಿಮೀಟರ್‌ಗಿಂತ ಜಾಸ್ತಿ ಏರುತ್ತಿದೆ ಎಂದು ಓದುತ್ತೇವೆ. ಅದನ್ನು ಅಳೆಯುವ ಉಪಗ್ರಹ ಇರುವುದು 1,336 ಕಿ.ಮೀ. ಎತ್ತರದಲ್ಲಿ. ಕೆಳಗೆ ಕಡಲು ಒಂದು ಗಳಿಗೆಯೂ ಸುಮ್ಮನಿರುವುದಿಲ್ಲ. ಅಲೆಯೇ ಎರಡು ಮೂರು ಮೀಟರ್ ಏಳುತ್ತದೆ, ಉಬ್ಬರವಿಳಿತ ಬೇರೆ. ಇಷ್ಟೆಲ್ಲದರ ನಡುವೆ ನಾಲ್ಕು ಮಿಲಿಮೀಟರ್ ಅಂದರೆ ಹೇಗೆ?

ಹವಾಮಾನ ಬದಲಾಗುತ್ತಿದೆ ಎಂಬುದರಲ್ಲಿ ನನಗೆ ಅನುಮಾನ ಇಲ್ಲ. ಅಳತೆಯ ಬಗ್ಗೆ ಮಾತ್ರ ಕೇಳುತ್ತಿದ್ದೇನೆ. ಉಪಗ್ರಹ ನಿಜಕ್ಕೂ ಅಳೆಯುತ್ತದಾ, ಇಲ್ಲ ಕಂಪ್ಯೂಟರ್ ಅಂದಾಜು ಮಾಡಿ ಕೊಡುತ್ತದಾ? ಕಡಲು, ಕಾಡು, ಬೆಂಕಿ, ಮಂಜುಗಡ್ಡೆ, ಇಂಗಾಲ, ಯಾವುದರ ಬಗ್ಗೆ ಗೊತ್ತಿದ್ದರೂ ಬರೆಯಿರಿ. ಬರೀ ಲಿಂಕ್ ಹಾಕಿ ಹೋಗಬೇಡಿ, ನಿಮ್ಮ ಮಾತಿನಲ್ಲೇ ಹೇಳಿ.

ಅಲೆಲೆಕ್ಕ

ಒಳ್ಳೆಯ ಪ್ರಶ್ನೆ. ಕಡಲಿನ ಭಾಗ ನಾನು ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

ಉಪಗ್ರಹದ ರೇಡಾರ್ ಸೆಕೆಂಡಿಗೆ ಸಾವಿರಾರು ಸಲ ಕೆಳಕ್ಕೆ ಮಿಡಿತ ಕಳಿಸುತ್ತದೆ. ಅದು ನೀರಿಗೆ ತಾಗಿ ವಾಪಸ್ ಬರಲು ಹಿಡಿದ ಸಮಯ ನೋಡಿದರೆ ದೂರ ಗೊತ್ತಾಗುತ್ತದೆ. ಇಷ್ಟೇ ಆಗಿದ್ದರೆ ಕೆಲಸ ಸುಲಭ ಇತ್ತು. ಕಷ್ಟ ಶುರುವಾಗುವುದು ನಡುವೆ ಇರುವ ಗಾಳಿಯಿಂದ. ಗಾಳಿಯಲ್ಲಿ ನೀರಾವಿ ಇದ್ದರೆ ಮಿಡಿತ ನಿಧಾನವಾಗುತ್ತದೆ. ಆಗ ಕಡಲು ಇರುವುದಕ್ಕಿಂತ ಮೂವತ್ತು ಸೆಂಟಿಮೀಟರ್‌ವರೆಗೂ ಕೆಳಗಿದ್ದಂತೆ ಕಾಣಬಹುದು. ನಾವು ಹುಡುಕುತ್ತಿರುವುದು ಮಿಲಿಮೀಟರ್! ಅದಕ್ಕೇ ಅದೇ ಉಪಗ್ರಹದಲ್ಲಿ ನೀರಾವಿಯನ್ನು ಅಳೆಯುವ ಇನ್ನೊಂದು ಉಪಕರಣ ಇರುತ್ತದೆ. ಅದಕ್ಕೂ ಮೇಲೆ ಅಯಾನುಗೋಳ ಇದೆ, ಅಂದರೆ ವಿದ್ಯುದಾವೇಶ ಇರುವ ಕಣಗಳ ಪದರ. ಅದು ಒಂದೊಂದು ತರಂಗಾಂತರವನ್ನು ಒಂದೊಂದು ಪ್ರಮಾಣದಲ್ಲಿ ನಿಧಾನ ಮಾಡುತ್ತದೆ. ಹಾಗಾಗಿ ರೇಡಾರ್ ಎರಡು ತರಂಗಾಂತರಗಳಲ್ಲಿ ಕೆಲಸ ಮಾಡುತ್ತದೆ, ಎರಡರ ವ್ಯತ್ಯಾಸ ನೋಡಿ ತಪ್ಪನ್ನು ಕಳೆಯುತ್ತಾರೆ. ಇನ್ನು ಉಪಗ್ರಹ ತಾನೇ ಎಲ್ಲಿದೆ ಎಂದು ತಿಳಿಯಬೇಕಲ್ಲ? ಅದಕ್ಕೆ ಜಿಪಿಎಸ್ ಇದೆ, ನೆಲದ ರೇಡಿಯೋ ಕೇಂದ್ರಗಳ ಡೋರಿಸ್ ಎಂಬ ಜಾಲ ಇದೆ, ಮೇಲಾಗಿ ನೆಲದಿಂದ ಲೇಸರ್ ಬಿಟ್ಟೂ ನೋಡುತ್ತಾರೆ.

ಇಷ್ಟೆಲ್ಲ ಮಾಡಿದರೂ ಒಂದು ಜಾಗದ ಒಂದು ಅಳತೆಯಲ್ಲಿ ಮೂರ್ನಾಲ್ಕು ಸೆಂಟಿಮೀಟರ್ ಆಚೀಚೆ ಇರುತ್ತದೆ. ಇದನ್ನು ಯಾರೂ ಮುಚ್ಚಿಡುವುದಿಲ್ಲ. ಆದರೆ ಉಪಗ್ರಹ ಹತ್ತು ದಿನಕ್ಕೊಮ್ಮೆ ಅದೇ ದಾರಿಯಲ್ಲಿ ಹಾಯುತ್ತದೆ. ಅಷ್ಟರಲ್ಲಿ ಲಕ್ಷಾಂತರ ಅಳತೆ ಸೇರಿರುತ್ತವೆ. ಅಲೆ ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಎಲ್ಲ ಕೂಡಿಸಿ ಸರಾಸರಿ ತೆಗೆದರೆ ಆ ಏರಿಳಿತ ಒಂದನ್ನೊಂದು ಹೊಡೆದುಹಾಕುತ್ತದೆ. ಉಳಿಯುವುದು ಇಡೀ ಕಡಲಿನ ಸರಾಸರಿ ಮಟ್ಟ. ಅದು ಕೆಲವೇ ಮಿಲಿಮೀಟರ್ ಆಚೀಚೆಯಲ್ಲಿ ಸಿಗುತ್ತದೆ.

ಕಡಲಮಟ್ಟ ಅಳೆಯುವ ಈ ಸರಣಿಯ ಮೊದಲ ಉಪಗ್ರಹ ಟೋಪೆಕ್ಸ್/ಪೊಸೈಡನ್ 1992ರ ಆಗಸ್ಟ್‌ನಲ್ಲಿ ಹಾರಿತು. ಆಮೇಲೆ 2001ರಲ್ಲಿ ಜೇಸನ್-1, 2008ರಲ್ಲಿ ಜೇಸನ್-2, 2016ರಲ್ಲಿ ಜೇಸನ್-3, 2020ರಲ್ಲಿ ಸೆಂಟಿನೆಲ್-6 ಮೈಕೆಲ್ ಫ್ರೈಲಿಕ್. ಎಲ್ಲವೂ ಒಂದೇ ದಾರಿಯಲ್ಲಿ. 1993ರಿಂದ ಈಚೆಗೆ ಕಡಲು ಸುಮಾರು 10 ಸೆಂ.ಮೀ. ಏರಿದೆ. ಶುರುವಿನಲ್ಲಿ ವರ್ಷಕ್ಕೆ ಸುಮಾರು 2 ಮಿ.ಮೀ. ಇದ್ದ ವೇಗ ಈಗ 4 ಮಿ.ಮೀ. ದಾಟಿದೆ. ನನಗೆ ಆತಂಕ ಹುಟ್ಟಿಸುವುದು ಹತ್ತು ಸೆಂಟಿಮೀಟರ್‌ಗಿಂತ ಈ ವೇಗವೇ.

ಎರಡನೇಓದು

ಚೆನ್ನಾಗಿ ಬಿಡಿಸಿ ಹೇಳಿದ್ದೀರಿ. ಆದರೆ ಒಂದು ಮಾತು. ಸರಾಸರಿ ತೆಗೆದರೆ ಅಲೆಯ ಏರಿಳಿತ ಹೋಗುತ್ತದೆ, ಒಪ್ಪಿದೆ. ಉಪಕರಣವೇ ವರ್ಷಕ್ಕೊಂದಿಷ್ಟು ಒಂದೇ ಕಡೆಗೆ ವಾಲುತ್ತಾ ಹೋದರೆ? ಆಗ ಕೋಟಿ ಅಳತೆ ಕೂಡಿಸಿದರೂ ತಪ್ಪು ತಪ್ಪೇ ಅಲ್ವಾ? ಅಂಥ ವಾಲುವಿಕೆಯೂ ಗ್ರಾಫ್‌ನಲ್ಲಿ ‘ಕಡಲು ಏರಿತು’ ಎಂದೇ ಕಾಣುತ್ತದೆ.

ಅಲೆಲೆಕ್ಕ

ಹೌದು, ಇಡೀ ಕೆಲಸದ ಪ್ರಾಣ ಇರುವುದೇ ಅಲ್ಲಿ. ಅದನ್ನು ಹಿಡಿಯಲು ಮೂರು ದಾರಿ ಇದೆ.

ಮೊದಲನೆಯದು ನೆಲದ ಸಾಕ್ಷಿ. ಕ್ಯಾಲಿಫೋರ್ನಿಯಾದ ಕರಾವಳಿಯಾಚೆ ತೈಲ ತೆಗೆಯಲು ಕಟ್ಟಿದ ಹಾರ್ವೆಸ್ಟ್ ಎಂಬ ವೇದಿಕೆ ಇದೆ. ಟೋಪೆಕ್ಸ್ ಮತ್ತು ಜೇಸನ್‌ಗಳ ದಾರಿ ನೇರವಾಗಿ ಅದರ ಮೇಲೇ ಹಾಯುವಂತೆ ಇಟ್ಟಿದ್ದರು. ವೇದಿಕೆಯ ಕಾಲಿನ ಹತ್ತಿರ ನೀರಿನ ಮಟ್ಟ ಅಳೆಯುವ ಉಪಕರಣ, ವೇದಿಕೆಯ ಮೇಲೆ ಜಿಪಿಎಸ್. ಉಪಗ್ರಹ ಮೇಲಿಂದ ಹೇಳಿದ ಅಂಕಿಯನ್ನೂ ಕೆಳಗೆ ಸಿಕ್ಕ ಅಂಕಿಯನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಿದ್ದರು. ಇದಲ್ಲದೆ ಪ್ರಪಂಚದ ಕರಾವಳಿಗಳಲ್ಲಿ, ದ್ವೀಪಗಳಲ್ಲಿ ಹಳೆಯ ಉಬ್ಬರವಿಳಿತ ಮಾಪಕಗಳಿವೆ. ಟೋಪೆಕ್ಸ್‌ನ ಮೊದಲ ವರ್ಷಗಳ ಅಳತೆಯಲ್ಲಿ ವಾಲುವಿಕೆ ಇದೆ ಎಂದು ಅನುಮಾನ ಬಂದದ್ದೇ ಈ ಮಾಪಕಗಳ ಜೊತೆ ಹೋಲಿಸಿದಾಗ.

ಎರಡನೆಯದು, ಹೊಸದು ಬಂದ ಕೂಡಲೇ ಹಳೆಯದನ್ನು ಬಿಡುವುದಿಲ್ಲ. ಕೈಗಡಿಯಾರ ಬದಲಾಯಿಸುವಾಗ ಹಳೆಯದನ್ನು ನೋಡಿಕೊಂಡು ಹೊಸದಕ್ಕೆ ಟೈಮ್ ಇಡುತ್ತೇವಲ್ಲ, ಹಾಗೆ. ಸೆಂಟಿನೆಲ್-6 ಮೇಲೆ ಹೋದ ಮೇಲೆ ಜೇಸನ್-3ರ ಬೆನ್ನಿಗೇ 30 ಸೆಕೆಂಡ್ ಅಂತರದಲ್ಲಿ ಹಾರಿತು. ಎರಡೂ ಒಂದೇ ನೀರು, ಒಂದೇ ಗಾಳಿ ನೋಡುತ್ತವೆ. ಅಂಕಿಯಲ್ಲಿ ವ್ಯತ್ಯಾಸ ಬಂದರೆ ಅದು ಕಡಲಿನದ್ದಲ್ಲ, ಉಪಕರಣದ್ದು.

ಮೂರನೆಯದೇ ಎಲ್ಲಕ್ಕಿಂತ ಗಟ್ಟಿ. ಅದನ್ನು ‘ಗುರುತ್ವ’ ಅವರು ಬರೆದರೆ ಚೆಂದ.

ಗುರುತ್ವ

ಕರೆದದ್ದಕ್ಕೆ ಥ್ಯಾಂಕ್ಸ್. ಬರೆಯುತ್ತೇನೆ.

ಕಡಲು ಏರುವುದಕ್ಕೆ ಮುಖ್ಯ ಕಾರಣ ಎರಡು. ನೀರು ಬಿಸಿಯಾಗಿ ಹಿಗ್ಗುವುದು ಒಂದು. ನೆಲದ ಮೇಲಿನ ಮಂಜುಗಡ್ಡೆ ಕರಗಿ ಹೊಸ ನೀರು ಸೇರುವುದು ಇನ್ನೊಂದು. ಈ ಎರಡನ್ನೂ ಬೇರೆಬೇರೆ ಅಳೆದು ಕೂಡಿಸಿದರೆ ರೇಡಾರ್ ಹೇಳಿದ ಒಟ್ಟು ಏರಿಕೆ ಬರಬೇಕು.

ಹಿಗ್ಗುವುದನ್ನು ಹೇಳುವುದು ಕಡಲಲ್ಲಿ ಬಿಟ್ಟಿರುವ ಆರ್ಗೋ ತೇಲುಗಳು ಎಂಬ ಯಂತ್ರಗಳು. ಸುಮಾರು 4,000 ಇವೆ. 2,000 ಮೀಟರ್ ಆಳಕ್ಕೆ ಮುಳುಗಿ, ಮೇಲೆ ಬರುತ್ತಾ ಉಷ್ಣತೆ ಮತ್ತು ಉಪ್ಪಿನಂಶ ಅಳೆದು, ಉಪಗ್ರಹಕ್ಕೆ ಸುದ್ದಿ ಕಳಿಸಿ ಮತ್ತೆ ಮುಳುಗುತ್ತವೆ.

ಹೊಸ ನೀರನ್ನು ಹೇಳುವುದು ಗ್ರೇಸ್. ಇದರ ಬಗ್ಗೆ ಎಷ್ಟು ಬರೆದರೂ ನನಗೆ ಸಾಲದು. 2002ರ ಮಾರ್ಚ್‌ನಲ್ಲಿ ಎರಡು ಉಪಗ್ರಹಗಳನ್ನು ಒಂದರ ಹಿಂದೆ ಒಂದು, ಸುಮಾರು 220 ಕಿ.ಮೀ. ದೂರದಲ್ಲಿ ಬಿಟ್ಟರು. ಅವುಗಳಲ್ಲಿ ಭೂಮಿಯ ಕಡೆ ನೋಡುವ ಕ್ಯಾಮೆರಾ ಇರಲಿಲ್ಲ. ಒಂದು ಇನ್ನೊಂದನ್ನು ನೋಡುತ್ತಿತ್ತು, ಅಷ್ಟೇ. ಕೆಳಗೆ ಜಾಸ್ತಿ ದ್ರವ್ಯರಾಶಿ ಇರುವ ಜಾಗ ಬಂತು ಎಂದುಕೊಳ್ಳಿ. ಮುಂದಿನದು ಮೊದಲು ಅದರ ಸೆಳೆತಕ್ಕೆ ಸಿಕ್ಕಿ ತುಸು ಮುಂದೆ ಹೋಗುತ್ತದೆ, ನಡುವಿನ ದೂರ ಹೆಚ್ಚುತ್ತದೆ. ಆಮೇಲೆ ಹಿಂದಿನದೂ ಸೆಳೆತಕ್ಕೆ ಸಿಗುತ್ತದೆ, ದೂರ ಕಮ್ಮಿಯಾಗುತ್ತದೆ. ಈ ಹೆಚ್ಚುಕಮ್ಮಿಯನ್ನು ಮೈಕ್ರೋವೇವ್ ಮೂಲಕ ಮೈಕ್ರಾನ್ (ಮಿಲಿಮೀಟರ್‌ನ ಸಾವಿರದಲ್ಲೊಂದು ಪಾಲು) ಮಟ್ಟದಲ್ಲಿ ಹಿಡಿಯುತ್ತಿದ್ದರು. ಪ್ರತಿ ತಿಂಗಳೂ ಭೂಮಿಯ ಗುರುತ್ವದ ಹೊಸ ನಕ್ಷೆ. ಎರಡು ತಿಂಗಳ ನಕ್ಷೆಯನ್ನು ಕಳೆದರೆ ಎಲ್ಲಿ ತೂಕ ಇಳಿದಿದೆ, ಎಲ್ಲಿ ಏರಿದೆ ಎಂದು ಗೊತ್ತಾಗುತ್ತದೆ.

ಗ್ರೀನ್‌ಲ್ಯಾಂಡ್ ವರ್ಷಕ್ಕೆ ಸರಾಸರಿ 270 ಶತಕೋಟಿ ಟನ್ ಮಂಜು ಕಳೆದುಕೊಳ್ಳುತ್ತಿದೆ ಎಂಬ ಅಂಕಿ ಬಂದದ್ದು ಹೀಗೆ. ಅಂತರ್ಜಲವೂ ಇದರಲ್ಲಿ ಕಾಣುತ್ತದೆ. 2002ರಿಂದ 2008ರ ನಡುವೆ ವಾಯವ್ಯ ಭಾರತದ ರಾಜಸ್ಥಾನ, ಪಂಜಾಬ್, ಹರಿಯಾಣ ಭಾಗದಲ್ಲಿ 109 ಘನ ಕಿ.ಮೀ. ಅಂತರ್ಜಲ ಖಾಲಿಯಾಗಿದೆ ಎಂದು 2009ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದ್ದು ಗ್ರೇಸ್ ಅಂಕಿಗಳಿಂದಲೇ. ಒಂದು ಕೊಳವೆಬಾವಿಗೂ ಕೈಹಾಕದೆ, ನೆಲದಡಿಯ ನೀರಿನ ಲೆಕ್ಕ!

ಇದರ ಮಿತಿಯನ್ನೂ ಹೇಳಿಬಿಡುತ್ತೇನೆ. ಸುಮಾರು 300 ಕಿ.ಮೀ.ಗಿಂತ ಸಣ್ಣ ಪ್ರದೇಶವನ್ನು ಇದು ಬಿಡಿಸಿ ತೋರಿಸುವುದಿಲ್ಲ. ಒಂದು ತಾಲ್ಲೂಕಿನ ಅಂತರ್ಜಲ ಗ್ರೇಸ್‌ನಿಂದ ಗೊತ್ತಾಯಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಈಗ ಎರಡನೇಓದು ಅವರ ಪ್ರಶ್ನೆಗೆ. ಆರ್ಗೋ ಮತ್ತು ಗ್ರೇಸ್ ಕೂಡಿಸಿದ್ದು ರೇಡಾರ್ ಅಂಕಿಗೆ ವರ್ಷಗಟ್ಟಲೆ ಚೆನ್ನಾಗಿ ಹೊಂದಿಕೊಂಡಿತ್ತು. 2016ರ ನಂತರ ಲೆಕ್ಕ ತಾಳೆಯಾಗಲಿಲ್ಲ. ಹುಡುಕಿದಾಗ ಕೆಲವು ಆರ್ಗೋ ತೇಲುಗಳ ಉಪ್ಪಿನಂಶದ ಸೆನ್ಸರ್ ದಾರಿ ತಪ್ಪಿತ್ತು. ಜೇಸನ್-3ರ ನೀರಾವಿ ಅಳೆಯುವ ಉಪಕರಣವೂ ವಾಲುತ್ತಿತ್ತು. ಮೂರೂ ಬೇರೆಬೇರೆ ವಿಧಾನ ಆಗಿದ್ದಕ್ಕೇ ಇದು ಸಿಕ್ಕಿಬಿದ್ದದ್ದು. ಒಂದೇ ಉಪಗ್ರಹವನ್ನು ನಂಬಿ ಕೂತಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

ನೀಲಿಚುಕ್ಕೆ

ಅಬ್ಬಾ! ಇದನ್ನು ಎರಡು ಸಲ ಓದಿದೆ. ಕ್ಯಾಮೆರಾ ಇಲ್ಲದ ಉಪಗ್ರಹ ಎಂಬುದೇ ಹೊಸ ವಿಷಯ ನನಗೆ.

ನೇರಮಾತು

ನಾನು ಸ್ವಲ್ಪ ಎದುರು ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. 1990ರ ದಶಕದಲ್ಲಿ ಉಪಗ್ರಹದ ಉಷ್ಣತೆಯ ದಾಖಲೆ ಭೂಮಿ ಬಿಸಿಯಾಗುತ್ತಲೇ ಇಲ್ಲ ಎಂದು ತೋರಿಸಿತ್ತು. ನೆಲದ ಥರ್ಮಾಮೀಟರ್‌ಗಳು ಬಿಸಿಯಾಗುತ್ತಿದೆ ಎಂದವು. ಆಮೇಲೆ ಉಪಗ್ರಹದ ಅಂಕಿಯನ್ನು ‘ತಿದ್ದಿದರು’. ತಿದ್ದಿದ ಮೇಲೆ ಬಿಸಿಯಾಯಿತು. ಜನಸಾಮಾನ್ಯರಿಗೆ ಇದು ಹೇಗೆ ಕಾಣುತ್ತದೆ ಹೇಳಿ?

ಕಕ್ಷೆ705

ಬೇಜಾರೇನಿಲ್ಲ ಸರ್, ಕೇಳಲೇಬೇಕಾದ ಪ್ರಶ್ನೆ. ಉತ್ತರವನ್ನು ಪೂರ್ತಿ ಕೊಡುವುದು ನಮ್ಮ ಜವಾಬ್ದಾರಿ.

ಮೊದಲು, ಮೇಲೆ ಥರ್ಮಾಮೀಟರ್ ಇಲ್ಲ. ಗಾಳಿಯಲ್ಲಿರುವ ಆಮ್ಲಜನಕ ತಾನಿರುವ ಬಿಸಿಗೆ ತಕ್ಕಂತೆ ಮೈಕ್ರೋವೇವ್ ಹೊರಸೂಸುತ್ತದೆ. 60 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಅದನ್ನು ಹಿಡಿದು, ಹಲವು ಕಿಲೋಮೀಟರ್ ದಪ್ಪದ ಗಾಳಿಪದರದ ಸರಾಸರಿ ಉಷ್ಣತೆಯನ್ನು ಲೆಕ್ಕ ಹಾಕುತ್ತಾರೆ. 1978ರ ಕೊನೆಯಿಂದ ಈ ದಾಖಲೆ ಇದೆ. 1990ರಲ್ಲಿ ರಾಯ್ ಸ್ಪೆನ್ಸರ್ ಮತ್ತು ಜಾನ್ ಕ್ರಿಸ್ಟಿ ಅದನ್ನು ಒಟ್ಟು ಮಾಡಿ ಪ್ರಕಟಿಸಿದರು. ಅದು ನಿಜಕ್ಕೂ ದೊಡ್ಡ ಕೆಲಸ.

ಆದರೆ ಈ ಉಪಗ್ರಹಗಳು ಹವಾಮಾನ ಮುನ್ಸೂಚನೆಗೆ ಎಂದು ಹಾರಿಸಿದವು. ನಾಳೆ ಮಳೆ ಬರುತ್ತದಾ ಎಂದು ತಿಳಿಯಲು ಸಾಕು, ಹತ್ತು ವರ್ಷಕ್ಕೆ ಹತ್ತನೇ ಒಂದು ಡಿಗ್ರಿ ಬದಲಾವಣೆ ಹಿಡಿಯಲು ಕಟ್ಟಿದ್ದಲ್ಲ. ಎರಡು ತೊಂದರೆ ಇದ್ದವು. ಮೇಲಿನ ತೆಳುಗಾಳಿಯ ಎಳೆತಕ್ಕೆ ಉಪಗ್ರಹ ನಿಧಾನವಾಗಿ ಕೆಳಗಿಳಿಯುತ್ತದೆ. ಇಳಿದಂತೆ ಅದು ಓರೆಯಾಗಿ ನೋಡುವ ಕೋನ ಬದಲಾಗುತ್ತದೆ, ಅಳತೆ ಇಲ್ಲದ ತಂಪನ್ನು ತೋರಿಸುತ್ತದೆ. ಇದನ್ನು 1998ರಲ್ಲಿ ಫ್ರಾಂಕ್ ವೆಂಟ್ಜ್ ಮತ್ತು ಮಥಿಯಾಸ್ ಶಾಬೆಲ್ ತೋರಿಸಿದರು. ಎರಡನೆಯದು, ಉಪಗ್ರಹ ಹಾಯುವ ಗಂಟೆಯೇ ವರ್ಷದಿಂದ ವರ್ಷಕ್ಕೆ ಸರಿಯುತ್ತದೆ. ಮಧ್ಯಾಹ್ನ ಎರಡಕ್ಕೆ ಹಾಯುತ್ತಿದ್ದದ್ದು ನಿಧಾನಕ್ಕೆ ಸಂಜೆಯ ಕಡೆ ಹೋದರೆ, ಊರೆಲ್ಲ ತಣ್ಣಗಾದಂತೆ ಕಾಣುವುದು ಸಹಜ. ಇದನ್ನು ಸರಿಪಡಿಸಿದ ರೀತಿಯಲ್ಲೇ ದೋಷ ಇದೆ ಎಂದು 2005ರಲ್ಲಿ ಕಾರ್ಲ್ ಮಿಯರ್ಸ್ ಮತ್ತು ವೆಂಟ್ಜ್ ತೋರಿಸಿದರು. ಸ್ಪೆನ್ಸರ್ ಮತ್ತು ಕ್ರಿಸ್ಟಿ ತಂಡವೂ ತಮ್ಮ ದಾಖಲೆಯನ್ನು ತಿದ್ದಿತು.

ಅಂದರೆ ತಿದ್ದುಪಡಿಗೆ ಕಾರಣ ಭೌತವಿಜ್ಞಾನದ್ದು, ಎಲ್ಲರೂ ಪರೀಕ್ಷಿಸಬಹುದಾದದ್ದು. ಯಾವ ತಂಡದ ಅಂಕಿ ತೆಗೆದುಕೊಂಡರೂ ಈಗ ಕೆಳಗಿನ ವಾಯುಮಂಡಲ ಬಿಸಿಯಾಗುತ್ತಿದೆ. ಎಷ್ಟು ಬೇಗ ಎಂಬುದರಲ್ಲಿ ವ್ಯತ್ಯಾಸ ಇನ್ನೂ ಇದೆ. ಅದನ್ನು ಹೇಳದೆ ಬಿಡುವುದೂ ತಪ್ಪು.

ನೇರಮಾತು

ಹಾಯುವ ಗಂಟೆ ಸರಿಯುವ ವಿಷಯ ಎಲ್ಲಿಯೂ ಓದಿರಲಿಲ್ಲ. ಇಷ್ಟು ಬಿಡಿಸಿ ಹೇಳಿದ್ದಕ್ಕೆ ಧನ್ಯವಾದ. ಕೊನೆಗೆ ನಾನು ನಂಬುವುದು ನೆಲದ ಅಳತೆ ಪಕ್ಕದಲ್ಲಿದ್ದಾಗ ಮಾತ್ರ, ಅಷ್ಟು ಹೇಳುತ್ತೇನೆ.

ಎರಡನೇಓದು

ಅದಕ್ಕೆ ಓಝೋನ್ ಕಥೆಯೇ ಸಾಕ್ಷಿ. ಅಂಟಾರ್ಕ್ಟಿಕಾದ ಮೇಲೆ ಓಝೋನ್ ರಂಧ್ರ ಇದೆ ಎಂದು 1985ರಲ್ಲಿ ಪ್ರಕಟಿಸಿದ್ದು ಜೋ ಫಾರ್ಮನ್, ಬ್ರಯಾನ್ ಗಾರ್ಡಿನರ್, ಜೊನಾಥನ್ ಶಾಂಕ್ಲಿನ್. ಅವರ ಕೈಲಿದ್ದದ್ದು ಅಂಟಾರ್ಕ್ಟಿಕಾದ ಹ್ಯಾಲಿ ಸಂಶೋಧನಾ ನೆಲೆಯಲ್ಲಿದ್ದ ನೆಲದ ಉಪಕರಣ. ಆಗ ನಿಂಬಸ್-7 ಉಪಗ್ರಹ 1978ರಿಂದಲೇ ಮೇಲೆ ಓಝೋನ್ ಅಳೆಯುತ್ತಿತ್ತು. ಅದು ಈ ಕಡಿಮೆ ಅಂಕಿಗಳನ್ನು ‘ಎಸೆದುಬಿಟ್ಟಿತ್ತು’ ಎಂದು ಎಲ್ಲೆಡೆ ಬರೆಯುತ್ತಾರೆ. ಹಾಗಲ್ಲ. ತೀರಾ ಕಡಿಮೆ ಬಂದ ಅಂಕಿಗಳಿಗೆ ಪ್ರೋಗ್ರಾಂ ಅನುಮಾನದ ಗುರುತು ಹಾಕಿ ಇಟ್ಟಿತ್ತು. ಅಂಕಿ ಹಾಗೇ ಇತ್ತು. ಅದಕ್ಕೇ ಹಳೆಯ ವರ್ಷಗಳ ನಕ್ಷೆ ತೆಗೆದು, ರಂಧ್ರ ಇಡೀ ಖಂಡದಷ್ಟು ದೊಡ್ಡದು ಎಂದು ತೋರಿಸಲು ಆಯಿತು. ನೆಲದ ಉಪಕರಣ ಒಂದು ಜಾಗದಲ್ಲಿ ಸತ್ಯ ಹಿಡಿಯಿತು, ಉಪಗ್ರಹ ಅದರ ಅಗಲ ತೋರಿಸಿತು. 1987ರಲ್ಲಿ ಓಝೋನ್ ಹಾಳುಮಾಡುವ ರಾಸಾಯನಿಕಗಳಿಗೆ ಕಡಿವಾಣ ಹಾಕುವ ಮಾಂಟ್ರಿಯಲ್ ಒಪ್ಪಂದ ಆಯಿತು.

ಹಸಿರುಪಿಕ್ಸೆಲ್

ಕಾಡಿನ ವಿಷಯ ನನ್ನದು. ಇಲ್ಲಿ ಮಿಲಿಮೀಟರ್ ತಲೆನೋವಿಲ್ಲ, ಬೇರೆ ತಲೆನೋವಿದೆ.

ಲ್ಯಾಂಡ್‌ಸ್ಯಾಟ್ ಸರಣಿ 1972ರ ಜುಲೈನಲ್ಲಿ ಶುರುವಾಯಿತು. ಈಗಿನ ಲ್ಯಾಂಡ್‌ಸ್ಯಾಟ್-8 ಮತ್ತು 9ರ ಒಂದು ಪಿಕ್ಸೆಲ್ ನೆಲದ ಮೇಲೆ 30 ಮೀಟರ್ ಉದ್ದ, 30 ಮೀಟರ್ ಅಗಲ. ಎರಡೂ ಸೇರಿ ಒಂದು ಜಾಗವನ್ನು ಎಂಟು ದಿನಕ್ಕೊಮ್ಮೆ ನೋಡುತ್ತವೆ. ಯುರೋಪಿನ ಸೆಂಟಿನೆಲ್-2 ಜೋಡಿ 10 ಮೀಟರ್‌ನಲ್ಲಿ, ಐದು ದಿನಕ್ಕೊಮ್ಮೆ.

ಎಲೆ ಕೆಂಪು ಬೆಳಕನ್ನು ಹೀರುತ್ತದೆ, ನಮ್ಮ ಕಣ್ಣಿಗೆ ಕಾಣದ ಹತ್ತಿರದ ಅತಿಗೆಂಪು ಬೆಳಕನ್ನು ಜೋರಾಗಿ ವಾಪಸ್ ಕಳಿಸುತ್ತದೆ. ಈ ಎರಡರ ವ್ಯತ್ಯಾಸದಿಂದ ಹಸಿರಿನ ಸೂಚ್ಯಂಕ ಬರುತ್ತದೆ. ಇಲ್ಲಿ ಜನ ಎಡವುವುದು ಎಲ್ಲಿ ಗೊತ್ತಾ? ಸೂಚ್ಯಂಕ ಹಸಿರನ್ನು ಹೇಳುತ್ತದೆ, ಕಾಡನ್ನಲ್ಲ. ನೂರಾರು ಬಗೆಯ ಮರಗಳ ಹಳೆಯ ಕಾಡು ಕಡಿದು ಒಂದೇ ಜಾತಿಯ ತೋಟ ಹಾಕಿದರೂ ಅಂಕಿ ಚೆನ್ನಾಗೇ ಇರುತ್ತದೆ. ‘ಹಸಿರು ಹೆಚ್ಚಾಗಿದೆ’ ಎಂಬ ಸುದ್ದಿ ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಯಾವ ಹಸಿರು ಎಂದು ಯಾರೂ ಕೇಳುವುದಿಲ್ಲ.

ಇನ್ನೊಂದು ಕಷ್ಟ ಮೋಡ. ಮಳೆಕಾಡಿನ ಮೇಲೆ ತಿಂಗಳುಗಟ್ಟಲೆ ಮೋಡ ಬಿಡುವುದಿಲ್ಲ, ಮರ ಕಡಿಯುವವರು ಮೋಡ ಸರಿಯಲಿ ಎಂದು ಕಾಯುವುದಿಲ್ಲ. ಅಲ್ಲಿ ಮೋಡ ದಾಟಿ ನೋಡುವ ರೇಡಾರ್ ಬೇಕು. 2014ರಿಂದ ಸೆಂಟಿನೆಲ್-1 ಆ ಕೆಲಸ ಮಾಡುತ್ತಿದೆ. ನಾಸಾ ಮತ್ತು ಇಸ್ರೋ ಸೇರಿ ಕಟ್ಟಿದ ನಿಸಾರ್ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿತು. ಅದರಲ್ಲಿ ಎರಡು ರೇಡಾರ್ ಇವೆ. ಎಲ್ ಬ್ಯಾಂಡ್‌ನದ್ದು ಸುಮಾರು 24 ಸೆಂ.ಮೀ. ತರಂಗ, ಎಲೆಗಳ ನಡುವೆ ನುಸುಳಿ ಕೊಂಬೆ, ಕಾಂಡದವರೆಗೂ ಹೋಗುತ್ತದೆ. 12 ದಿನಕ್ಕೊಮ್ಮೆ ಅದೇ ಜಾಗ. ಕಾಡಿನ ವಿಷಯದಲ್ಲಿ ನಾನು ತುಂಬಾ ಆಸೆ ಇಟ್ಟುಕೊಂಡಿರುವುದು ಇದರ ಮೇಲೆ.

ಉಪಗ್ರಹ ನೋಡಿದ ಮಾತ್ರಕ್ಕೆ ಕಾಡು ಉಳಿಯುತ್ತದಾ? ಬ್ರೆಜಿಲ್ ಉದಾಹರಣೆ ನೋಡಿ. ಅಲ್ಲಿನ ಬಾಹ್ಯಾಕಾಶ ಸಂಸ್ಥೆ ಇನ್ಪೆ 1988ರಿಂದ ಪ್ರತಿ ವರ್ಷ ಅಮೆಜಾನ್ ಕಾಡುನಾಶದ ಲೆಕ್ಕ ಕೊಡುತ್ತಿದೆ. 2004ರಲ್ಲಿ 27,772 ಚದರ ಕಿ.ಮೀ. ಕಾಡು ಹೋಯಿತು. ಆ ವರ್ಷವೇ ಬೇಗ ಎಚ್ಚರಿಸುವ ಡೆಟರ್ ವ್ಯವಸ್ಥೆ ಬಂತು. ಅದರ ಸೂಚನೆ ಹಿಡಿದು ಅರಣ್ಯ ಸಿಬ್ಬಂದಿ ಜಾಗಕ್ಕೆ ಹೋದರು, ದಂಡ ಹಾಕಿದರು, ಕಾನೂನು ಬಿಗಿಯಾಯಿತು. 2012ರ ಹೊತ್ತಿಗೆ 4,571 ಚದರ ಕಿ.ಮೀ.ಗೆ ಇಳಿಯಿತು. ಆಮೇಲಿನ ವರ್ಷಗಳಲ್ಲಿ ಹಿಡಿತ ಸಡಿಲವಾದಾಗ ಮತ್ತೆ ಏರಿತು. ಉಪಗ್ರಹ ಮೊದಲಿನ ಹಾಗೇ ನೋಡುತ್ತಿತ್ತು.

ಬೇಲಿಗಿಡ

ಬೆಂಕಿಯ ನಕ್ಷೆ ಬಗ್ಗೆ ಕೇಳಬೇಕಿತ್ತು. ಬೇಸಿಗೆಯಲ್ಲಿ ನಕ್ಷೆ ತೆರೆದರೆ ಕೆಂಪು ಚುಕ್ಕೆಗಳೇ ಚುಕ್ಕೆಗಳು. ಒಂದು ಚುಕ್ಕೆ ಅಂದರೆ ಅಷ್ಟೂ ಜಾಗ ಉರಿಯುತ್ತಿದೆ ಎಂದಾ? ಒಂದು ದಿನ ಚುಕ್ಕೆ ಇಲ್ಲ ಎಂದರೆ ಬೆಂಕಿ ಆರಿತು ಎಂದಾ?

ಹಸಿರುಪಿಕ್ಸೆಲ್

ಎರಡಕ್ಕೂ ಉತ್ತರ ‘ಇಲ್ಲ’.

ಈಗ ಜಾಸ್ತಿ ಬಳಸುವುದು ವಿಯರ್ಸ್ ಎಂಬ ಉಪಕರಣದ ಅಂಕಿ. ಅದರ ಪಿಕ್ಸೆಲ್ 375 ಮೀಟರ್. 4 ಮೈಕ್ರಾನ್ ಆಸುಪಾಸಿನ ಅತಿಗೆಂಪು ಕಿರಣದಲ್ಲಿ ನೋಡುತ್ತದೆ. ಆ ತರಂಗಾಂತರದಲ್ಲಿ ಬೆಂಕಿ ಎಷ್ಟು ಪ್ರಖರ ಅಂದರೆ, ಪಿಕ್ಸೆಲ್‌ನ ಸಣ್ಣ ಮೂಲೆ ಉರಿದರೂ ಇಡೀ ಪಿಕ್ಸೆಲ್ ಪಕ್ಕದವುಗಳಿಗಿಂತ ಬಿಸಿಯಾಗಿ ಕಾಣುತ್ತದೆ. ಹಾಗಾಗಿ ಚುಕ್ಕೆ ಹೇಳುವುದು ಇಷ್ಟು: ಈ ಚೌಕದ ಒಳಗೆ ಎಲ್ಲೋ ಏನೋ ಉರಿಯುತ್ತಿದೆ. ಚುಕ್ಕೆ ಎಣಿಸಿ ಸುಟ್ಟ ಎಕರೆ ಲೆಕ್ಕ ಹಾಕಬಾರದು. ಸುಟ್ಟ ಜಾಗ ತಿಳಿಯಲು ಬೆಂಕಿಗೆ ಮುಂಚಿನ, ನಂತರದ ಲ್ಯಾಂಡ್‌ಸ್ಯಾಟ್ ಇಲ್ಲವೇ ಸೆಂಟಿನೆಲ್-2 ಚಿತ್ರ ಹೋಲಿಸಬೇಕು.

ಇನ್ನು ಸಮಯ. ವಿಯರ್ಸ್ ಹೊತ್ತ ಉಪಗ್ರಹಗಳು ಹಾಯುವುದು ಸ್ಥಳೀಯ ಸಮಯ ಮಧ್ಯಾಹ್ನ ಒಂದೂವರೆ ಮತ್ತು ರಾತ್ರಿ ಒಂದೂವರೆಯ ಆಸುಪಾಸು. ಸಂಜೆ ನಾಲ್ಕಕ್ಕೆ ಹಚ್ಚಿ ಎಂಟಕ್ಕೆ ಆರಿದ ಬೆಂಕಿ ಇವಕ್ಕೆ ಕಾಣುವುದೇ ಇಲ್ಲ. ದಟ್ಟ ಮೋಡ ಇದ್ದರೂ ಅಷ್ಟೇ. ಕಾರ್ಖಾನೆಯ ಬಿಸಿ, ತೈಲಬಾವಿಯಲ್ಲಿ ಉರಿಸುವ ಅನಿಲ ಕೂಡ ಚುಕ್ಕೆಯಾಗಿ ಬರುತ್ತವೆ. ವರ್ಷವಿಡೀ ಒಂದೇ ಜಾಗದಲ್ಲಿ ಚುಕ್ಕೆ ಇದ್ದರೆ ಅದು ಕಾಡ್ಗಿಚ್ಚಲ್ಲ ಎಂದುಕೊಳ್ಳಿ. 35,786 ಕಿ.ಮೀ. ಎತ್ತರದಲ್ಲಿ, ಭೂಮಿಯ ಒಂದೇ ಜಾಗದ ಮೇಲೆ ನಿಂತಂತಿರುವ ಭೂಸ್ಥಿರ ಉಪಗ್ರಹಗಳು ಹತ್ತು ಹದಿನೈದು ನಿಮಿಷಕ್ಕೊಮ್ಮೆ ನೋಡುತ್ತವೆ, ಆದರೆ ಅವುಗಳ ಪಿಕ್ಸೆಲ್ ದೊಡ್ಡದು. ದೊಡ್ಡ ಬೆಂಕಿ ಮಾತ್ರ ಸಿಗುತ್ತದೆ.

ನೀಲಿಚುಕ್ಕೆ

ಇಂಗಾಲದ ಬಗ್ಗೆ ಯಾರೂ ಬರೆದಿಲ್ಲ. ಬಣ್ಣವೂ ಇಲ್ಲದ ಅನಿಲ, ಮೇಲಿಂದ ಹೇಗೆ ಕಾಣುತ್ತದೆ?

ಕಕ್ಷೆ705

ಸೂರ್ಯನ ಬೆಳಕು ಗಾಳಿಯೊಳಗೆ ಇಳಿದು, ನೆಲಕ್ಕೆ ತಾಗಿ, ಮತ್ತೆ ಗಾಳಿಯೊಳಗೆ ಹಾದು ಮೇಲೆ ಹೋಗುತ್ತದೆ. ಇಂಗಾಲದ ಡೈಆಕ್ಸೈಡ್ ಕೆಲವು ನಿಗದಿತ ತರಂಗಾಂತರಗಳನ್ನು ನುಂಗುತ್ತದೆ. 2014ರ ಜುಲೈನಲ್ಲಿ ಹಾರಿದ ಓಸಿಓ-2 ಉಪಗ್ರಹ, ಮೇಲೆ ಬಂದ ಬೆಳಕಿನಲ್ಲಿ ಎಷ್ಟು ನುಂಗಲ್ಪಟ್ಟಿದೆ ಎಂದು ನೋಡುತ್ತದೆ. ಪಕ್ಕದಲ್ಲೇ ಆಮ್ಲಜನಕವನ್ನೂ ಅಳೆಯುತ್ತದೆ, ಯಾಕೆಂದರೆ ಗಾಳಿಯಲ್ಲಿ ಆಮ್ಲಜನಕದ ಪಾಲು ಎಷ್ಟೆಂದು ಗೊತ್ತಿದೆ, ಒಟ್ಟು ಎಷ್ಟು ಗಾಳಿ ಹಾದು ಬಂತು ಎಂಬ ಲೆಕ್ಕ ಅದರಿಂದ ಸಿಗುತ್ತದೆ.

ಕೆಲಸ ಕಷ್ಟ. ಗಾಳಿಯಲ್ಲಿ ಈಗ ಈ ಅನಿಲ 420 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 420 ಭಾಗ) ದಾಟಿದೆ. ಒಂದು ನಗರದ ಹೊಗೆ ಅದಕ್ಕೆ ಸೇರಿಸುವುದು ಒಂದೋ ಎರಡೋ ಪಿಪಿಎಂ. ಅಷ್ಟನ್ನು ಹಿಡಿಯಬೇಕು. ರಾತ್ರಿ ಆಗುವುದಿಲ್ಲ, ಮೋಡ ಇದ್ದರೆ ಆಗುವುದಿಲ್ಲ. ಅದು ನೋಡುವ ಪಟ್ಟಿಯ ಅಗಲ ಸುಮಾರು 10 ಕಿ.ಮೀ. ಮಾತ್ರ. ಹಾಗಾಗಿ 1958ರಿಂದ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ನಡೆಯುತ್ತಿರುವ ನೆಲದ ಅಳತೆಯ ಬದಲಿಗೆ ಇದು ಅಲ್ಲ. ಎಲ್ಲಿ ಹೀರಲ್ಪಡುತ್ತಿದೆ, ಎಲ್ಲಿ ಹೊರಬರುತ್ತಿದೆ ಎಂಬ ನಕ್ಷೆಗೆ ಇದು.

ಭೂಮಿಯನ್ನು ಬಿಸಿ ಮಾಡುವ ಇನ್ನೊಂದು ಅನಿಲ ಮೀಥೇನ್, ಅದರದ್ದು ಇನ್ನೂ ಚುರುಕಾದ ಕಥೆ. 2017ರ ಅಕ್ಟೋಬರ್‌ನಲ್ಲಿ ಹಾರಿದ ಸೆಂಟಿನೆಲ್-5ಪಿ ಉಪಗ್ರಹದ ಟ್ರೊಪೊಮಿ ಉಪಕರಣ ದಿನಕ್ಕೊಮ್ಮೆ ಹೆಚ್ಚುಕಮ್ಮಿ ಇಡೀ ಭೂಮಿ ನೋಡುತ್ತದೆ. ತೈಲ, ಅನಿಲ ಬಾವಿಗಳ ದೊಡ್ಡ ಸೋರಿಕೆಗಳು, ಕಸದ ಗುಡ್ಡಗಳ ಮೀಥೇನ್ ಅದಕ್ಕೆ ಸಿಗುತ್ತವೆ. ಸೋರಿಕೆ ಅಂದರೆ ಬಂದ್ ಮಾಡಬಹುದಾದ ವಿಷಯ. ಹವಾಮಾನದ ಇಡೀ ಸಮಸ್ಯೆಯಲ್ಲಿ ಇಷ್ಟು ಬೇಗ ಕೈಗೆ ಸಿಗುವ ಪರಿಹಾರ ಬೇರೆ ಕಡಿಮೆ.

ಅಲೆಲೆಕ್ಕ

ಒಂದು ಸಣ್ಣ ಮಾತು ಸೇರಿಸುತ್ತೇನೆ. ನಾನು ಮೊದಲು ಹೇಳಿದ ನೀರಾವಿಯ ಉಪಕರಣ ಹಿಡಿಯುವುದು ನೀರಾವಿ ತಾನೇ ಹೊರಸೂಸುವ ಮೈಕ್ರೋವೇವ್ ಅನ್ನು, ಅದು 23.8 ಗಿಗಾಹರ್ಟ್ಸ್‌ನಲ್ಲಿ ಸಿಗುತ್ತದೆ. ಅದು ಬಹಳ ಕ್ಷೀಣ. ಪಕ್ಕದ 24 ಗಿಗಾಹರ್ಟ್ಸ್ ಪಟ್ಟಿಯನ್ನು 5ಜಿ ಮೊಬೈಲ್‌ಗೆ ಕೊಡುವಾಗ 2019ರಲ್ಲಿ ಹವಾಮಾನ ವಿಜ್ಞಾನಿಗಳು ಜೋರಾಗಿ ವಿರೋಧಿಸಿದ್ದು ಇದಕ್ಕೇ. ಮೊಬೈಲ್ ಬೇರೆ ಪಟ್ಟಿಯಲ್ಲೂ ಓಡುತ್ತದೆ. ನೀರಾವಿಗೆ ‘ಬೇರೆ ಕಡೆ ಹೊರಸೂಸು’ ಎಂದು ಹೇಳಲಾಗುವುದಿಲ್ಲ. ಈ ಪಟ್ಟಿಗಳನ್ನು ಕಾಪಾಡುವುದು ಉಪಗ್ರಹ ಹಾರಿಸುವಷ್ಟೇ ಮುಖ್ಯ.

ಬೇಲಿಗಿಡ

ಈಗ ಖಾಸಗಿ ಕಂಪನಿಗಳು ನೂರಾರು ಸಣ್ಣ ಉಪಗ್ರಹ ಹಾರಿಸುತ್ತಿವೆ. ದಿನಾ ಫೋಟೋ, ಅದೂ ಕೆಲವೇ ಮೀಟರ್‌ನಲ್ಲಿ. ಸರ್ಕಾರಗಳ ಈ ದೊಡ್ಡ ದುಬಾರಿ ಉಪಗ್ರಹ ಇನ್ನು ಯಾಕೆ?

ಗುರುತ್ವ

ಸಣ್ಣ ಉಪಗ್ರಹಗಳು ಬೇಕು. ಪ್ರವಾಹ ಬಂದಾಗ, ಎಲ್ಲಿ ಕಾಡು ಕಡಿಯುತ್ತಿದ್ದಾರೆ ಎಂದು ತಕ್ಷಣ ನೋಡಲು ಅವೇ ಸರಿ. ಹವಾಮಾನ ಬದಲಾವಣೆ ಬೇರೆ ವಿಷಯ. ಅಲ್ಲಿ ಬೇಕಾದ್ದು ಹೆಚ್ಚು ಫೋಟೋ ಅಲ್ಲ, ಮೂವತ್ತು ನಲವತ್ತು ವರ್ಷ ಕಡಿಯದೆ ಬಂದ, ಒಂದಕ್ಕೊಂದು ತಾಳೆ ಹಾಕಿದ ಅಳತೆ. ಅದು ಒಮ್ಮೆ ಕಡಿದರೆ ಹಿಂದೆ ಹೋಗಿ ಅಳೆಯಲಾಗುವುದಿಲ್ಲ. 2009ರ ಫೆಬ್ರವರಿಯಲ್ಲಿ ಮೊದಲ ಓಸಿಓ ಉಪಗ್ರಹದ ಮೇಲಿನ ಕವಚ ಕಳಚಿಕೊಳ್ಳದೆ ಕಕ್ಷೆ ಸೇರಲೇ ಇಲ್ಲ. ಓಸಿಓ-2 ಬರಲು ಐದು ವರ್ಷ ಹಿಡಿಯಿತು. ಗ್ರೇಸ್ 2017ರಲ್ಲಿ ನಿಂತಿತು, ಅದರ ಉತ್ತರಾಧಿಕಾರಿ ಹಾರಿದ್ದು 2018ರ ಮೇ 22ರಂದು. ನಡುವೆ ಸುಮಾರು ಒಂದು ವರ್ಷ ದಾಖಲೆ ಖಾಲಿ.

ಖಾಸಗಿಯವರ ಹಣ, ದಾನಿಗಳ ಹಣ ಬರಲಿ, ಸಂತೋಷ. ಮೀಥೇನ್ ನೋಡಲೆಂದೇ ಕಟ್ಟಿದ ಮೀಥೇನ್‌ಸ್ಯಾಟ್ 2024ರ ಮಾರ್ಚ್‌ನಲ್ಲಿ ಹಾರಿ, 2025ರ ಜೂನ್‌ನಲ್ಲಿ ಸಂಪರ್ಕ ಕಳೆದುಕೊಂಡಿತು. ಅದರ ಬೆನ್ನಿಗೆ ಎರಡನೆಯದು ಸಿದ್ಧವಾಗಿರಲಿಲ್ಲ. ಬೆನ್ನಿಗೆ ಇನ್ನೊಂದನ್ನು ಇಡುವ ಹೊಣೆ ಸರ್ಕಾರಗಳೇ ಹೊರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಸಿರುಪಿಕ್ಸೆಲ್

ಲ್ಯಾಂಡ್‌ಸ್ಯಾಟ್‌ನಲ್ಲೂ ಹೀಗೇ ಆಗುತ್ತಿತ್ತು. 1993ರಲ್ಲಿ ಲ್ಯಾಂಡ್‌ಸ್ಯಾಟ್-6 ಕಕ್ಷೆ ಸೇರಲಿಲ್ಲ. 1984ರಲ್ಲಿ ಹಾರಿದ ಲ್ಯಾಂಡ್‌ಸ್ಯಾಟ್-5 ಲೆಕ್ಕಕ್ಕೆ ಮೀರಿ 2013ರವರೆಗೆ ದುಡಿಯಿತು, ಅದಕ್ಕೇ ದಾಖಲೆ ಉಳಿಯಿತು. ಇನ್ನೊಂದು, 2008ರವರೆಗೆ ಒಂದೊಂದು ಚಿತ್ರಕ್ಕೂ ನೂರಾರು ಡಾಲರ್ ಕೊಡಬೇಕಿತ್ತು. ಆ ವರ್ಷ ಇಡೀ ಸಂಗ್ರಹವನ್ನು ಉಚಿತ ಮಾಡುವ ತೀರ್ಮಾನ ಆಯಿತು. ಇಡೀ ಭೂಮಿಯ ಕಾಡಿನ ನಕ್ಷೆಗಳು ಬಂದದ್ದು ಅದರ ನಂತರ. ಅಂಕಿ ಕಪಾಟಿನಲ್ಲಿ ಬೀಗ ಹಾಕಿಟ್ಟರೆ ಉಪಗ್ರಹ ಇದ್ದೂ ಪ್ರಯೋಜನ ಇಲ್ಲ.

ನೀಲಿಚುಕ್ಕೆ

ಇಷ್ಟು ಓದಿದ ಮೇಲೆ ಸುಮ್ನೆ ಕೂರಲು ಮನಸ್ಸಿಲ್ಲ. ನಾನೇ ನೋಡಬೇಕು. ಪ್ರೋಗ್ರಾಮಿಂಗ್ ಬರುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ಕಕ್ಷೆ705

ನಾಸಾದ ವರ್ಲ್ಡ್‌ವ್ಯೂ ಜಾಲತಾಣ ತೆರೆಯಿರಿ. ಖಾತೆ ಬೇಡ, ದುಡ್ಡು ಬೇಡ. ಕೆಳಗೆ ದಿನಾಂಕ ಬದಲಾಯಿಸಬಹುದು. ಮೊದಲು ಅಂಟಾರ್ಕ್ಟಿಕಾದ ಉದ್ದನೆಯ ಬಾಲದಂಥ ಪರ್ಯಾಯದ್ವೀಪದ ಪೂರ್ವ ದಡಕ್ಕೆ ಹೋಗಿ, 2002ರ ಜನವರಿ 31 ಹಾಕಿ. ಅಲ್ಲಿ ಕಾಣುವ ಬಿಳಿ ಹಾಸು ಲಾರ್ಸನ್-ಬಿ ಮಂಜುಚಾಚು, ಅಂದರೆ ನೆಲಕ್ಕೆ ಅಂಟಿಕೊಂಡೇ ಕಡಲ ಮೇಲೆ ತೇಲುವ ಮಂಜುಗಡ್ಡೆ, ಸುಮಾರು 220 ಮೀಟರ್ ದಪ್ಪ. ಅದರ ಮೇಲೆ ನೀಲಿ ಗೀರುಗಳು ಕಾಣುತ್ತವೆ, ಕರಗಿ ನಿಂತ ನೀರಿನ ಕೊಳಗಳು ಅವು. ಆಮೇಲೆ ಒಂದೊಂದೇ ದಿನ ಮುಂದೆ ಹೋಗಿ. ಮೋಡ ಇರುವ ದಿನ ಬಿಟ್ಟುಬಿಡಿ. ಮಾರ್ಚ್ 7ರ ಹೊತ್ತಿಗೆ 3,250 ಚದರ ಕಿ.ಮೀ. ಚೂರುಚೂರಾಗಿರುತ್ತದೆ. ಈ ಚಿತ್ರ ತೆಗೆದದ್ದು 1999ರ ಡಿಸೆಂಬರ್‌ನಲ್ಲಿ ಹಾರಿದ ಟೆರಾ ಉಪಗ್ರಹದ ಮೋಡಿಸ್ ಕ್ಯಾಮೆರಾ.

ಹತ್ತಿರದಿಂದ ನೋಡಬೇಕಿದ್ದರೆ ಕೊಪರ್ನಿಕಸ್ ಬ್ರೌಸರ್‌ನಲ್ಲಿ ಸೆಂಟಿನೆಲ್-2 ಚಿತ್ರ ಸಿಗುತ್ತವೆ. ಇಸ್ರೋದ ಭುವನ್ ಎಂಬ ನಕ್ಷೆಗಳ ತಾಣವೂ ಇದೆ.

ಎರಡು ಎಚ್ಚರಿಕೆ. ಎರಡು ವರ್ಷ ಹೋಲಿಸುವಾಗ ತಿಂಗಳು ಒಂದೇ ಇರಲಿ. ಮೇ ತಿಂಗಳ ಕೆರೆಯನ್ನು ಅಕ್ಟೋಬರ್ ಕೆರೆಯ ಜೊತೆ ಇಟ್ಟು ‘ತುಂಬಿತು’ ಎನ್ನುವವರು ತುಂಬಾ ಇದ್ದಾರೆ. ಮತ್ತೆ ಟೆರಾ ಮೇಲೆ ಹಳೆಯದಾಗಿದೆ. ಇಂಧನ ಉಳಿಸಲು 2020ರಿಂದ ಅದರ ಹಾಯುವ ಸಮಯವನ್ನು ಸರಿಪಡಿಸುತ್ತಿಲ್ಲ, ಬೆಳಿಗ್ಗೆ ಹತ್ತೂವರೆಗಿಂತ ಬೇಗ ಹಾಯುತ್ತಿದೆ. ನೆರಳು ಉದ್ದ ಬರುತ್ತದೆ, ಬಣ್ಣದ ಛಾಯೆ ಬೇರೆ ಕಾಣುತ್ತದೆ. ಹಳೆಯ ಚಿತ್ರದ ಜೊತೆ ಇಡುವಾಗ ಅದು ನೆನಪಿರಲಿ.

ನೀಲಿಚುಕ್ಕೆ

ಫೆಬ್ರವರಿ 17ರವರೆಗೆ ಬಂದಿದ್ದೇನೆ. ಅಂಚು ಒಡೆಯಲು ಶುರುವಾಗಿದೆ. ಒಂದು ಕೇಳಬೇಕು: ನಡುವೆ ಕೆಲವು ದಿನ ಪೂರ್ತಿ ಬಿಳಿ. ಮೋಡ ಯಾವುದು, ಮಂಜುಗಡ್ಡೆ ಯಾವುದು ಎಂದು ಹೇಗೆ ಬೇರೆ ಮಾಡುವುದು?

ಕಕ್ಷೆ705

ಪದರ ಸೇರಿಸುವ ಬಟನ್ ಒತ್ತಿ, ಟೆರಾ ಮೋಡಿಸ್‌ನಲ್ಲಿ 3-6-7 ಬ್ಯಾಂಡ್‌ಗಳ (ತರಂಗಾಂತರದ ಪಟ್ಟಿಗಳ) ಚಿತ್ರ ಆರಿಸಿ. ಮಂಜುಗಡ್ಡೆ ಕಿರುತರಂಗದ ಅತಿಗೆಂಪು ಬೆಳಕನ್ನು ಹೀರುವುದರಿಂದ ಕೆಂಪಾಗಿ ಕಾಣುತ್ತದೆ. ಸಣ್ಣ ನೀರಹನಿಗಳ ಮೋಡ ಬಿಳಿಯಾಗೇ ಉಳಿಯುತ್ತದೆ. ತುಂಬಾ ಎತ್ತರದ ಮೋಡದಲ್ಲಿ ಹಿಮದ ಹರಳು ಇದ್ದರೆ ಅದಕ್ಕೂ ತಿಳಿಗೆಂಪು ಬರುತ್ತದೆ, ಅಲ್ಲಿ ಮಾತ್ರ ಹಿಂದಿನ ಮತ್ತು ಮುಂದಿನ ದಿನದ ಚಿತ್ರ ನೋಡಿ. ಮೋಡ ಜಾಗ ಬಿಟ್ಟಿರುತ್ತದೆ.